ಮಳೆಗಾಲದಲ್ಲಿ ತಂತಿ ಮೇಲೆದ್ದಿದೆ: ಹೊಸ ಗಿಟಾರ್ ಕೊಳ್ಳಲಾ, ಇದನ್ನೇ ಸರಿ ಮಾಡಿಸಲಾ?

ಮುಲುಂಡ್‌_ತಂತಿ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ 8,000 ರೂಪಾಯಿಗೆ ಅಕೂಸ್ಟಿಕ್ ಗಿಟಾರ್ ಕೊಂಡೆ. ಈ ಜೂನ್‌ನಿಂದ ತಂತಿ ಒತ್ತುವುದೇ ಕಷ್ಟ. ಎಫ್ ಕಾರ್ಡ್ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿದರೆ ಬೆರಳು ಉರಿಯುತ್ತದೆ. 12ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ಸ್ವರ ಏರಿ ಕೇಳುತ್ತದೆ. ಅಂಗಡಿಯವರು "ಇದು ಇಷ್ಟೇ, ದುಬಾರಿಯದು ತೆಗೆದುಕೊಳ್ಳಿ" ಅಂದರು. 20,000 ಕೂಡಿಟ್ಟಿದ್ದೇನೆ. ಈ ಸಲ ಏನು ನೋಡಿ ಕೊಳ್ಳಬೇಕು?

ಪುಣೆ_ಬೀಟೆಮರ:
ದುಡ್ಡು ಸದ್ಯಕ್ಕೆ ಹಾಗೇ ಇರಲಿ. ಮೊದಲು ಅಳತೆ ಮಾಡಿ. 12ನೇ ಫ್ರೆಟ್ ಮೇಲೆ ದಪ್ಪ ತಂತಿಯ ಕೆಳಗೆ ಎಷ್ಟು ಜಾಗ ಇದೆ? 2.5 ಮಿ.ಮೀ. ಆಸುಪಾಸು ಇದ್ದರೆ ಸರಿ. ಆಮೇಲೆ ಅದೇ ತಂತಿಯನ್ನು 1 ಮತ್ತು 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು 7ನೆಯದರ ಮೇಲೆ ನೋಡಿ. ವಿಸಿಟಿಂಗ್ ಕಾರ್ಡ್ ದಪ್ಪದಷ್ಟೇ ಸಂದಿ ಇದ್ದರೆ ನೆಕ್, ಅಂದರೆ ಗಿಟಾರ್‌ನ ಕತ್ತು, ಚೆನ್ನಾಗಿದೆ. ಕೊನೆಗೆ ಬ್ರಿಡ್ಜ್‌ನ (ಮುಂದಿನ ಹಲಗೆಗೆ ಅಂಟಿಸಿದ, ತಂತಿ ಸಿಕ್ಕಿಸುವ ಮರದ ಪಟ್ಟಿ) ಹಿಂದಿನ ಅಂಚಿನ ಕೆಳಗೆ ತೆಳು ಕಾಗದ ತೂರಿಸಿ ನೋಡಿ.

ಮುಲುಂಡ್‌_ತಂತಿ:
4 ಮಿ.ಮೀ. ಬಂತು ಅಣ್ಣ. ನೆಕ್ ಸರಿ ಇದೆ. ಕಾಗದ ಮಾತ್ರ ಅರ್ಧ ಸೆಂ.ಮೀ. ಒಳಗೆ ಹೋಯಿತು!

ಪುಣೆ_ಬೀಟೆಮರ:
ಸಿಕ್ಕಿತಲ್ಲ! ಬ್ರಿಡ್ಜ್‌ನ ಅಂಟು ಬಿಟ್ಟಿದೆ. ಈಗಲೇ ಎಲ್ಲ ತಂತಿ ಸಡಿಲ ಮಾಡಿ, ಇಲ್ಲದಿದ್ದರೆ ಮುಂದಿನ ಹಲಗೆಯ ಮರವೂ ಕಿತ್ತು ಬರುತ್ತದೆ. ನೆಕ್ ಒಳಗಿನ ಲೋಹದ ಸರಳು, ಟ್ರಸ್ ರಾಡ್, ಮುಟ್ಟಬೇಡಿ, ಅದು ನೆಕ್‌ನ ಬಾಗು ಸರಿ ಮಾಡುವುದಕ್ಕೆ. ರಿಪೇರಿಯವರು ಬ್ರಿಡ್ಜ್ ಬಿಚ್ಚಿ, ಹಳೇ ಅಂಟು ಕೆರೆದು, ಹೊಸದು ಹಚ್ಚಿ ಒಂದು ದಿನ ಕ್ಲ್ಯಾಂಪ್ ಹಾಕಿ ಇಡಬೇಕು. ಹಳೇ ಅಂಟಿನ ಮೇಲೇ ಹಚ್ಚಿದರೆ ನಿಲ್ಲುವುದಿಲ್ಲ. ಮೇ ತಿಂಗಳಲ್ಲಿ ಕಾರಿನೊಳಗೆ ಬಿಟ್ಟಿದ್ದಿರಾ? ಆ ಬಿಸಿಗೆ ಅಂಟು ಮೆತ್ತಗಾಗುತ್ತದೆ. ಆಮೇಲೆ ಮಳೆ ತೇವಕ್ಕೆ ಹಲಗೆ ಉಬ್ಬುತ್ತದೆ.

ಮುಂದೆ ಹೊಸದು ಕೊಳ್ಳುವಾಗ ಸೌಂಡ್‌ಹೋಲ್‌ನ (ಮುಂದಿನ ಹಲಗೆಯ ದುಂಡು ತೂತು) ಅಂಚು ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದರೆ ಇಡೀ ಮರ. ಪದರ ಪದರ ಕಂಡರೆ ಪ್ಲೈ. ಯಮಹಾದಲ್ಲೇ ನೋಡಿ, ಎಫ್310 ಪ್ಲೈ, ಎಫ್‌ಜಿ800ರ ಮುಂಭಾಗ ಇಡೀ ಸ್ಪ್ರೂಸ್ ಮರ. ನಾದದಲ್ಲಿ ದೊಡ್ಡ ವ್ಯತ್ಯಾಸ ಮಾಡುವುದು ಈ ಮುಂದಿನ ಹಲಗೆಯೇ. "ರೋಸ್‌ವುಡ್" ಎಂಬ ಚೀಟಿಗೆ ಮರುಳಾಗಬೇಡಿ. ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಮಲೆನಾಡಿನ ಬೀಟೆಯೇ, ನನಗೂ ಅದರ ಮೇಲೆ ಪ್ರೀತಿ. ಆದರೆ ಅಗ್ಗದ ಗಿಟಾರ್‌ನಲ್ಲಿ ಎಷ್ಟೋ ಸಲ ಮೇಲಿನ ಪದರ ಮಾತ್ರ ಬೀಟೆ ಇರುತ್ತದೆ.

ಮುಂಬೈನ ಧೋಬಿ ತಲಾವ್ ಕಡೆ ವಾದ್ಯದಂಗಡಿಗಳಿಗೆ ಹೋಗುವುದಾದರೆ ಅರ್ಧ ದಿನ ಇಟ್ಟುಕೊಂಡು ಹೋಗಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ನುಡಿಸಿ. ಖಾಲಿ ತಂತಿಯನ್ನು ಟ್ಯೂನರ್‌ನಲ್ಲಿ ಸರಿ ಮಾಡಿ, 12ನೇ ಫ್ರೆಟ್‌ನಲ್ಲಿ ಒತ್ತಿ ನೋಡಿ. ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ಮುಖ್ಯವಾಗಿ, ನೀವು ನುಡಿಸಿದ ಗಿಟಾರನ್ನೇ ತೆಗೆದುಕೊಳ್ಳಿ. "ಗೋಡೌನ್‌ನಿಂದ ಸೀಲ್ ಇರುವುದು ತರಿಸ್ತೀವಿ" ಅಂದರೆ ಬೇಡ ಅನ್ನಿ. ಒಂದೇ ಮಾಡೆಲ್‌ನ ಎರಡು ಗಿಟಾರ್ ಒಂದೇ ಥರ ಇರುವುದಿಲ್ಲ. ಸೆಟಪ್‌ಗೆ, ಅಂದರೆ ತಂತಿಯ ಎತ್ತರ, ನೆಕ್ ಹೊಂದಿಸುವುದಕ್ಕೆ, ಸ್ವಲ್ಪ ದುಡ್ಡು ಎತ್ತಿಡಿ.

ಮಡಗಾಂವ್_ಕನ್ನಡಿಗ:
ಇಲ್ಲಿಯೂ ಅದೇ ತೇವ. ಗಟ್ಟಿ ಕೇಸ್‌ನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ತೇವ ಅಳೆಯುವ ಚಿಕ್ಕ ಹೈಗ್ರೋಮೀಟರ್ ಇಡಿ. ತೇವಾಂಶ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು. ಗೋಡೆಗೆ ಸುಮ್ನೆ ತೂಗುಹಾಕಬೇಡಿ.

ಮುಲುಂಡ್‌_ತಂತಿ:
ಅಂಟು ಹಾಕಿಸಿದೆ. ಈಗ 2.6 ಮಿ.ಮೀ. ಹೌದು ಅಣ್ಣ, ಊರಿಗೆ ಹೋದಾಗ ಇಡೀ ಮಧ್ಯಾಹ್ನ ಕಾರಿನಲ್ಲೇ ಇತ್ತು. ಎಫ್ ಕಾರ್ಡ್ ಇನ್ನೂ ಸ್ಪಷ್ಟವಾಗಿ ಬರುತ್ತಿಲ್ಲ, ಆದರೆ ಬೆರಳು ಉರಿಯುತ್ತಿಲ್ಲ. ಕೂಡಿಟ್ಟ ದುಡ್ಡು ದೀಪಾವಳಿವರೆಗೆ ಹಾಗೇ ಇರಲಿ ಅಂದುಕೊಂಡಿದ್ದೇನೆ. ತುಂಬಾ ಥ್ಯಾಂಕ್ಸ್.