ಗೋಡೌನಿಗೆ ಎಷ್ಟು ಮೆಟ್ಟಿಲು?

ತರಗುಪೇಟೆಯ ಹಳೆಯ ಬೆಲ್ಲದ ಮಂಡಿಯನ್ನು ಬಾಡಿಗೆಗೆ ಕೊಡಲು ದೊಡ್ಡಪ್ಪ ಬೋರ್ಡ್ ಬರೆಸಲು ಹೊರಟಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಇದು ಬಂದು ಬಿತ್ತು.

ದೊಡ್ಡಪ್ಪ (ಎಲ್ಲಿಂದಲೋ ಬಂದದ್ದು): ನಿಮಗೆ ಗೊತ್ತೇ? ಬ್ರಿಟಿಷರು ಸರಕನ್ನು ನೆಲಮಾಳಿಗೆಯಲ್ಲಿ ಇಡಿಸುತ್ತಿದ್ದರು. ಮೂಟೆ ಹೊತ್ತ ಹಮಾಲಿಗಳಿಗೆ ‘ಗೋ ಡೌನ್, ಗೋ ಡೌನ್’ ಎಂದು ಗದರುತ್ತಿದ್ದರು. ಅದೇ ಗೋಡೌನ್ ಆಯಿತು! ಹತ್ತು ಜನರಿಗೆ ಕಳುಹಿಸಿ 🙏

ನಾನು: ದೊಡ್ಡಪ್ಪ, ಇದು ಕಟ್ಟುಕಥೆ. ಲಂಡನ್ನಿನವರು ತಮ್ಮೂರಿನ ಸರಕಿನ ಕಟ್ಟಡಕ್ಕೆ ವೇರ್‌ಹೌಸ್ ಎನ್ನುತ್ತಾರೆ. ಗೋಡೌನ್ ಎಂಬ ಮಾತು ಬೆಳೆದದ್ದು ನಮ್ಮಲ್ಲಿ, ಸಿಂಗಪುರದಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಇಂಗ್ಲಿಷಿನದೇ ಆಗಿದ್ದರೆ ಅವರ ಮನೆಯಲ್ಲೇ ಏಕೆ ಉಳಿಯಲಿಲ್ಲ?

ದೊಡ್ಡಪ್ಪ: ನಲವತ್ತು ವರ್ಷ ಮಂಡಿ ನಡೆಸಿದವನು ನಾನೋ ನೀನೋ? ನಮ್ಮ ಗೋಡೌನಿಗೆ ಎರಡು ಮೆಟ್ಟಿಲು ಇಳಿದೇ ಹೋಗಬೇಕು. ಬಂದು ಎಣಿಸಿಕೋ.

ಅತ್ತೆ: ಅಣ್ಣಾ, ಆ ಮೆಟ್ಟಿಲಿನ ಕಥೆ ನಾನು ಹೇಳಲೇ? ಅಪ್ಪನ ಕಾಲದಲ್ಲಿ ಒಂದು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದೆವು. ಡಾಂಬರಿನ ಮೇಲೆ ಡಾಂಬರು ಸುರಿದು ರಸ್ತೆ ಎದ್ದು ನಿಂತಿತು, ಮಂಡಿ ತಗ್ಗಾಯಿತು. ಆಮೇಲೆ ಮಳೆನೀರು ನುಗ್ಗಿ ಮಂಡ್ಯದ ಬೆಲ್ಲದ ಅಚ್ಚುಗಳು ಪಾಕವಾಗಿ ಹರಿದದ್ದು, ಇರುವೆ ಸಾಲು ಗಲ್ಲಾಪೆಟ್ಟಿಗೆಯವರೆಗೆ ಬಂದದ್ದು ಮರೆತಿರಾ? ಅಂದಿನಿಂದ ನೀವೇ ಮೂಟೆಗಳ ಕೆಳಗೆ ಹಲಗೆ ಹಾಸಿಸಿದಿರಿ. ತಿಳಿದ ವ್ಯಾಪಾರಿ ಯಾರಾದರೂ ಸರಕನ್ನು ನೆಲದ ಕೆಳಗೆ ಇಡುತ್ತಾನೆಯೇ?

(ಇಲ್ಲಿ ಐದು ನಿಮಿಷ ಮೌನ. ಪಾಕವಾದ ಬೆಲ್ಲದ ಮುಂದೆ ನನ್ನ ನಿಘಂಟು ಸಪ್ಪೆ. ಆದರೂ ಬಿಡಲಿಲ್ಲ.)

ನಾನು: 1886ರಲ್ಲಿ ಯೂಲ್ ಮತ್ತು ಬರ್ನೆಲ್ ಹೊರತಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಇದನ್ನು ಮಲಯ ಭಾಷೆಯ ಮೂಲಕ ದಕ್ಷಿಣ ಭಾರತಕ್ಕೇ ತಂದು ಮುಟ್ಟಿಸುತ್ತದೆ. ತೆಲುಗಿನವರು ಇಂದಿಗೂ ಗಿಡ್ಡಂಗಿ ಎನ್ನುತ್ತಾರೆ, ತಮಿಳಿನಲ್ಲಿ ಕಿಡಂಗು. ತಮಿಳಿನ ‘ಕಿಡ’ ಎಂದರೆ ಬಿದ್ದಿರು, ಮಲಗಿರು. ಸರಕು ಬಿದ್ದಿರುವ ಜಾಗ ಅಷ್ಟೆ. ಹಳಗನ್ನಡದ ‘ಕೆಡೆ’ಯೂ ಇದರ ದಾಯಾದಿ. ಮಲಯದವರು ಗುಡಾಂಗ್ ಎಂದರು. 1511ರಲ್ಲಿ ಮಲಾಕ್ಕಾ ಹಿಡಿದ ಪೋರ್ಚುಗೀಸರ ಬಾಯಿಗೂ ಅದು ಹತ್ತಿತು. ಇಂಗ್ಲಿಷರು ಆಮೇಲೆ ಬಂದವರು, ತಮ್ಮ ಕಿವಿಗೆ ಪರಿಚಿತವಾದ ಎರಡು ಪದ ಕೇಳಿಸಿದಂತೆ ಬರೆದುಕೊಂಡರು.

ತಂಗಿ: ಬಾಲಿಗೆ ಹೋದಾಗ ‘ಗುಡಾಂಗ್ ಗರಾಮ್’ ಎಂಬ ಸಿಗರೇಟ್ ಪೊಟ್ಟಣ ನೋಡಿದ್ದೆ. ಉಪ್ಪಿನ ಗೋಡೌನ್ ಎಂದು ಅರ್ಥವಂತೆ!

ಅತ್ತೆ: ಪೊಟ್ಟಣ ನಿನ್ನ ಕೈಗೆ ಹೇಗೆ ಬಂತು?

ತಂಗಿ: ಅಂಗಡಿಯಲ್ಲಿ ಇಟ್ಟಿದ್ದರು ಅತ್ತೆ, ದೂರದಿಂದ ನೋಡಿದೆ.

ಮಂಗಳೂರು ಭಾವ: ಮಾವನವರೇ, ನಮ್ಮ ಕಡೆ ಶೇಂದಿ ಮಾರುವ, ಹಿಂದೆ ಸಾರಾಯಿಯನ್ನೂ ಮಾರುತ್ತಿದ್ದ ಜಾಗಕ್ಕೆ ಗಡಂಗು ಎನ್ನುತ್ತೇವೆ. ಅದೂ ಇದೇ ಸಂತಾನ ಇರಬೇಕು. ಹಾಗಾಗಿ ಗೋಡೌನ್ ಬಿಟ್ಟು ಅಚ್ಚ ನಮ್ಮದೇ ಮಾತು ಬರೆಸಿರಿ.

ದೊಡ್ಡಪ್ಪ: ತರಗುಪೇಟೆಯಲ್ಲಿ ‘ಗಡಂಗು ಬಾಡಿಗೆಗೆ ಇದೆ’ ಎಂದು ಬರೆಸಿದರೆ ಮೊದಲು ಬರುವವರು ಅಬಕಾರಿಯವರು.

ನಾನು: ಉಗ್ರಾಣ ಎಂದು ಬರೆಸಿ. ಸರ್ಕಾರವೂ ರಾಜ್ಯ ಉಗ್ರಾಣ ನಿಗಮ ಎಂದೇ ಹೆಸರಿಟ್ಟಿದೆ.

ಅತ್ತೆ: ಉಗ್ರಾಣ ಎಂದರೆ ಮದುವೆ ಛತ್ರ ಎಂದುಕೊಂಡು ಅಡಿಗೆಯವರು ಫೋನ್ ಮಾಡುತ್ತಾರೆ. ಗೋದಾಮು ಸಾಕು.

ದೊಡ್ಡಪ್ಪ: ಬರೆಯುವವನು ಎದುರಿಗೇ ಕುಂಚ ಹಿಡಿದು ನಿಂತಿದ್ದಾನೆ. ಅಕ್ಷರಕ್ಕೆ ಇಷ್ಟು ಎಂದು ದರ ಹೇಳುತ್ತಾನೆ. ಎಣಿಸಿ ನೋಡಿದೆ: ಗೋಡೌನ್, ಗೋದಾಮು, ಉಗ್ರಾಣ, ಗಡಂಗು, ಎಲ್ಲಕ್ಕೂ ಮೂರೇ ಅಕ್ಷರ. ಬೇಗ ಹೇಳಿ, ಬಣ್ಣ ಒಣಗುತ್ತಿದೆ.