ಕಪ್ಪತಗುಡ್ಡ ಮತ್ತು ಅತ್ತೆಯ ಕುಡಗೋಲು

ಗುಂಪು: ದೊಡ್ಡಮನೆ ಬಳಗ

ತಂಗಿ ಹುಬ್ಬಳ್ಳಿ: (ಫಾರ್ವರ್ಡ್ ಆದ ಚಿತ್ರ) "ಗದಗ ಜಿಲ್ಲೆಯ ಕಪ್ಪತಗುಡ್ಡ ಉಳಿಸಿ! ವನ್ಯಜೀವಿಧಾಮದಲ್ಲಿ ಕುರಿ, ದನ ಮೇಯಿಸುವುದನ್ನು ಪೂರ್ತಿ ನಿಲ್ಲಿಸಿ. ಒತ್ತುವರಿ ತೆರವು ಮಾಡಿ. ಸಹಿ ಹಾಕಿ, ಹತ್ತು ಗುಂಪಿಗೆ ಕಳಿಸಿ."

ತಂಗಿ ಹುಬ್ಬಳ್ಳಿ: ಎಲ್ಲರೂ ಸಹಿ ಹಾಕಿ. ನಮ್ಮ ಊರಿನ ಗುಡ್ಡ ಇದು.

ಕಾಕು ಧಾರವಾಡ: ಹಾಕಿದೆ 🙏

ನಾನು: ನಾನು ಹಾಕುವುದಿಲ್ಲ ತಂಗಿ. ಬೇಜಾರು ಮಾಡಿಕೊಳ್ಳಬೇಡ. ಹಾಲು ಹಿಂಡಿ ಬಂದು ಯಾಕೆ ಅಂತ ಬರೆಯುತ್ತೇನೆ.

ತಂಗಿ ಹುಬ್ಬಳ್ಳಿ: ಅಣ್ಣ, ನೀನೇ ಹೀಗಂದರೆ ಹೇಗೆ? 2017ರಲ್ಲಿ ಗದಗಿನ ಧರಣಿಗೆ ನನ್ನನ್ನು ಬೈಕ್ ಮೇಲೆ ಕರಕೊಂಡು ಹೋದವನು ನೀನೇ ಅಲ್ವಾ?

ನಾನು: ಹೌದು, ನಾನೇ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಹಗಲು ರಾತ್ರಿ ಧರಣಿ ಕೂತಿದ್ದರು. ನಮ್ಮೂರಿಂದ ಟ್ರ್ಯಾಕ್ಟರ್ ತುಂಬ ಜನ ರೊಟ್ಟಿ ಗಂಟು ಕಟ್ಟಿಕೊಂಡು ಬಂದಿದ್ದರು. ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಅಂತ ಸರ್ಕಾರ ಸಾರಿತು. ಮರುವರ್ಷವೇ ಅದನ್ನು ವಾಪಸ್ ತೆಗೆದುಕೊಂಡಿತು. ಚಿನ್ನದ ಗಣಿ ಬಂದರೆ ಗುಡ್ಡವೂ ಇಲ್ಲ, ಕೆಳಗಿನ ಹಳ್ಳ ಬಾವಿಯೂ ಇಲ್ಲ ಅಂತ ಎಲ್ಲರಿಗೂ ಭಯ ಇತ್ತು. ನಾವೆಲ್ಲ ಕೂತದ್ದಕ್ಕೆ 2017ರಲ್ಲಿ ಆದೇಶ ಮತ್ತೆ ಬಂತು. ಅಲ್ಲಿ ಕಂಬಳಿ ಹೊದ್ದುಕೊಂಡು ಕುರಿ ಕಾಯುವವರೂ ಕೂತಿದ್ದರು, ನೀನೂ ನೋಡಿದ್ದೀಯ. ಈಗ ಈ ಚಿತ್ರದಲ್ಲಿ ಗುಡ್ಡಕ್ಕೆ ಶತ್ರು ಅಂತ ತೋರಿಸಿರುವುದು ಅವರನ್ನೇ. ಅದಕ್ಕೇ ನನ್ನ ಕೈ ಏಳುವುದಿಲ್ಲ.

ತಮ್ಮ ಬೆಂಗಳೂರು: ಅಣ್ಣ ಸರಿಯಾಗಿ ಹೇಳಿದ. ಈ ಪರಿಸರದವರೆಲ್ಲ ಹೊರಗಿನ ರೊಕ್ಕ ತಿಂದು ರೈತರ ಹೊಟ್ಟೆ ಮೇಲೆ ಹೊಡೆಯುವವರು.

ನಾನು: ತಮ್ಮಾ, ನಾನು ಹಾಗೆ ಹೇಳಲಿಲ್ಲ. ನನ್ನ ಮಾತಿಗೆ ನಿನ್ನ ಮಾತು ಸೇರಿಸಬೇಡ.

ದೊಡ್ಡಪ್ಪ ಹಾನಗಲ್: ಬೆಂಗಳೂರಿನವನೇ, ಸ್ವಲ್ಪ ಕೇಳು. ನಮ್ಮ ತಾಲ್ಲೂಕಿನ ಕುಸನೂರಿನಲ್ಲಿ ಏನಾಯಿತು ಗೊತ್ತಾ? ಆಗ ಹಾವೇರಿ, ಗದಗ ಎಲ್ಲ ಧಾರವಾಡ ಜಿಲ್ಲೆಯೊಳಗೇ ಇದ್ದವು. ದನ ಮೇಯುವ ಊರ ಜಾಗವನ್ನು ಸರ್ಕಾರ ನೀಲಗಿರಿ ಬೆಳೆಯಲು ಒಂದು ಕಂಪನಿಗೆ ಕೊಟ್ಟುಬಿಟ್ಟಿತು. ಆ ಕಂಪನಿಯಲ್ಲಿ ಸರ್ಕಾರದ್ದೂ ಪಾಲು, ಒಂದು ಖಾಸಗಿ ಕಾರ್ಖಾನೆಯದೂ ಪಾಲು. ಊರವರನ್ನು ಒಂದು ಮಾತು ಕೇಳಲಿಲ್ಲ. ಆಗ ಜೊತೆಗೆ ನಿಂತವರು ಇದೇ ಪರಿಸರದವರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ, ಅದರ ಎಸ್. ಆರ್. ಹಿರೇಮಠರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೇ ಹೋದರು. 1987ರ ನವೆಂಬರ್ 14ಕ್ಕೆ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಆಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಅವರೆಲ್ಲ ಇಲ್ಲದಿದ್ದರೆ ನಮ್ಮ ದನಕ್ಕೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸುಮ್ನೆ ರೊಕ್ಕ ಗಿಕ್ಕ ಅನ್ನಬೇಡ.

ತಮ್ಮ ಬೆಂಗಳೂರು: ಸರಿ ದೊಡ್ಡಪ್ಪ. ಇದು ಗೊತ್ತಿರಲಿಲ್ಲ.

ತಂಗಿ ಹುಬ್ಬಳ್ಳಿ: ಅಣ್ಣ, ನನ್ನದೂ ಒಂದು ಮಾತು ಕೇಳು. 2016ರಲ್ಲಿ ಅಷ್ಟು ಸುಲಭವಾಗಿ ಆದೇಶ ವಾಪಸ್ ಆಗಿದ್ದು ಯಾಕೆ? ಅದು ಬರೀ ಸಂರಕ್ಷಿತ ಮೀಸಲು ಆಗಿತ್ತು. 2019ರಲ್ಲಿ ವನ್ಯಜೀವಿಧಾಮ ಆಯಿತು. ಈಗ ರಾಷ್ಟ್ರೀಯ ವನ್ಯಜೀವಿ ಮಂಡಳಿ ಶಿಫಾರಸು ಮಾಡದೆ ಗಡಿಯ ಒಂದು ಕಲ್ಲೂ ಸರಿಸುವಂತಿಲ್ಲ. ಗಣಿಯವರನ್ನು ತಡೆಯಲು ಇಷ್ಟು ಗಟ್ಟಿ ಬೀಗ ಬೇಕೇ ಬೇಕು. ಮತ್ತೆ ಬೇಸಿಗೆಯಲ್ಲಿ ಬೆಂಕಿ? ಮಳೆಗೆ ಹೊಸ ಹುಲ್ಲು ಬರಲಿ ಅಂತ ಕಡ್ಡಿ ಗೀರುವವರು ಯಾರು? ಕುರಿ ಬಾಯಿ ಹಾಕಿದ ಕಡೆ ಸಸಿ ಮೇಲೇಳುವುದಿಲ್ಲ. ಅದನ್ನೂ ಹೇಳು.

ನಾನು: ಬೀಗದ ಮಾತು ನೂರಕ್ಕೆ ನೂರು ನಿಜ. ಗಣಿಯ ವಿಷಯದಲ್ಲಿ ನಾನು ನಿನ್ನ ಕಡೆಯೇ. ಕಡ್ಡಿ ಗೀರುವವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಬೆಂಕಿ ಬಿದ್ದ ರಾತ್ರಿ ಹಸಿ ಟೊಂಗೆ ಮುರಕೊಂಡು ಬಡಿಯಲು ಮೊದಲು ಓಡುವವರೂ ಗುಡ್ಡದ ಬುಡದ ಊರಿನವರೇ. ಹೋದ ಬೇಸಿಗೆ ನನ್ನ ಹುಬ್ಬು ಸುಟ್ಟಿತ್ತು, ಫೋಟೋ ಹಾಕಿದ್ದೆ, ನೆನಪಿದೆಯಾ?

ಆ ಬೀಗದ ಕೀಲಿ ಯಾರ ಕೈಯಲ್ಲಿದೆ? ಅದನ್ನು ಕೇಳಬೇಕು. ನಾನು ಕಾಯ್ದೆ ಓದಿದ್ದೇನೆ. 1972ರ ವನ್ಯಜೀವಿ ಕಾಯ್ದೆ. ಸಂರಕ್ಷಿತ ಮೀಸಲು ಆಗಿದ್ದಾಗ ಅದಕ್ಕೊಂದು ನಿರ್ವಹಣಾ ಸಮಿತಿ ಇರಬೇಕಿತ್ತು. ಗುಡ್ಡ ಯಾವ ಯಾವ ಪಂಚಾಯಿತಿಗೆ ಸೇರಿದೆಯೋ, ಒಂದೊಂದು ಪಂಚಾಯಿತಿಯಿಂದ ಒಬ್ಬೊಬ್ಬರು ಅದರಲ್ಲಿ. ಅಂದರೆ ನಮ್ಮೂರಿಗೂ ಒಂದು ಕುರ್ಚಿ. ವನ್ಯಜೀವಿಧಾಮ ಆದ ಮೇಲೆ? ಸಲಹಾ ಸಮಿತಿ. ಅದರಲ್ಲಿ ಎಲ್ಲ ಪಂಚಾಯಿತಿಗಳೂ ಸೇರಿ ಮೂರೇ ಜನ. ಎರಡೂ ಸಮಿತಿ ಕೊಡುವುದು ಬರೀ ಸಲಹೆಯೇ, ಆದರೆ ಮೊದಲಿನದರಲ್ಲಿ ನಮ್ಮೂರಿನ ಬಾಯಿಯೂ ಇರುತ್ತಿತ್ತು. ಗುಡ್ಡ ಮಾತ್ರ ಕಾಗದದ ಮೇಲೆ ದೊಡ್ಡದಾಯಿತು, ಸುಮಾರು 178 ಚದರ ಕಿಲೋಮೀಟರ್ ಇದ್ದದ್ದು 244ಕ್ಕೆ ಹೋಯಿತು. ನಮ್ಮ ಕುರ್ಚಿ ಹೋಯಿತು.

ಇನ್ನೊಂದು. ಅಭಯಾರಣ್ಯದಲ್ಲಿ ಮೇಯಿಸುವುದು ಪೂರ್ತಿ ಬಂದ್ ಅಂತ ಕಾಯ್ದೆಯಲ್ಲೇ ಇಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ನಿಯಂತ್ರಿಸಬಹುದು, ಬೇಕಾದರೆ ನಿಲ್ಲಿಸಬಹುದು. ಅಂದರೆ ಕೂತು ಮಾತಾಡಲು ದಾರಿ ಇದೆ. ನಿನ್ನ ಪೋಸ್ಟರ್ ಆ ದಾರಿಯನ್ನೂ ಮುಚ್ಚಿ ಅನ್ನುತ್ತಿದೆ.

ತಂಗಿ ಹುಬ್ಬಳ್ಳಿ: ಮೇಯಿಸಲು ಬಿಟ್ಟರೆ ಯಾರು ಎಷ್ಟು ಕುರಿ ಬಿಡುತ್ತಾರೆ ಅಂತ ಲೆಕ್ಕ ಇಡುವವರು ಯಾರು? ಊರವರು ಇಡುತ್ತಾರಾ?

ನಾನು: ಇಡುತ್ತೇವೆ. ಕಾರಹುಣ್ಣಿಮೆಯಿಂದ ದಸರಾದವರೆಗೆ ಒಂದು ಮಗ್ಗಲು ಮೇಯಿಸದೆ ಬಿಡೋಣ, ಮರುವರ್ಷ ಇನ್ನೊಂದು ಮಗ್ಗಲು ಅಂತ ನಮ್ಮ ಕಟ್ಟೆಯ ಮೇಲೆ ಎಷ್ಟೋ ಸಲ ಮಾತಾಗಿದೆ. ಹಿರಿಯರು ಒಪ್ಪಿದ್ದಾರೆ. ಆ ಮಾತನ್ನು ಕೇಳಿಸಿಕೊಳ್ಳಲು ಯಾರೂ ಬರಲಿಲ್ಲ.

ಅತ್ತೆ: 🎤 (ಧ್ವನಿ ಸಂದೇಶ)

ಕಾಕು ಧಾರವಾಡ: ಬಸ್ಸಿನಲ್ಲಿದ್ದೇನೆ, ಕೇಳಿಸುತ್ತಿಲ್ಲ. ಯಾರಾದರೂ ಬರೆದು ಹಾಕಿ.

ನಾನು: ಅತ್ತೆ ಹೇಳಿದ್ದನ್ನು ಬರೆಯುತ್ತೇನೆ. "ಯವ್ವಾ, ನಿನ್ನ ಚಿತ್ರ ನನಗೆ ಓದಲು ಬರುವುದಿಲ್ಲ, ಮೊಮ್ಮಗ ಓದಿ ಹೇಳಿದ. ನಾನು ದೀಪಾವಳಿ ಆದ ಮೇಲೆ ಬಾದೆ ಹುಲ್ಲಿಗೆ ಹೋಗಿದ್ದೆ. ಆಕಳ ಕೊಟ್ಟಿಗೆಯ ಮೇಲೆ ಹೊದಿಸಲು ಎರಡು ಹೊರೆ ಬೇಕಿತ್ತು. ಕಾವಲಿನವನೊಬ್ಬ ಬಂದ. ಹುಲ್ಲು ಬಿಚ್ಚಿಸಿದ, ಹಗ್ಗ ಇಸಕೊಂಡ, ಕುಡಗೋಲು ಇಸಕೊಂಡ. ಆ ಕುಡಗೋಲಿನ ಹಿಡಿ ನಿಮ್ಮ ಮಾವ ಕಡೆದದ್ದು. ನನ್ನ ಕೈಗೆ ಕೂತುಬಿಟ್ಟಿತ್ತು. ತಲೆಯ ಮೇಲೆ ಬರೀ ಸಿಂಬಿ ಇಟ್ಟುಕೊಂಡು ಊರೊಳಗೆ ಬಂದೆ. ಎಲ್ಲರೂ ನೋಡಿದರು. ಮೂರು ದಿನ ಬಿಟ್ಟು ಐನೂರು ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದೆವು. ಚೀಟಿ ಕೊಡಲಿಲ್ಲ. ಗುಡ್ಡ ಉಳಿಯಲಿ ಯವ್ವಾ, ಉಳಿಯಬಾರದು ಅಂತ ನಾನಂದೆನಾ? ಗುಡ್ಡದ ಗಾಳಿ ಕುಡಿದೇ ನಾನು ಎಪ್ಪತ್ತು ವರ್ಷ ಬದುಕಿದ್ದು."

ತಂಗಿ ಹುಬ್ಬಳ್ಳಿ: ಅತ್ತೆ, ಇದನ್ನು ನನಗೆ ಯಾಕೆ ಹೇಳಲಿಲ್ಲ?

ನಾನು: ಯಾರಿಗೂ ಹೇಳಿರಲಿಲ್ಲ. ನಾಚಿಕೆ ಪಟ್ಟುಕೊಂಡಿದ್ದಳು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ತಾನು ಬೆಳೆದ ಗುಡ್ಡದಲ್ಲಿ ಅವಳು ಕಳ್ಳಿಯಂತೆ ತಲೆ ತಗ್ಗಿಸಿ ಬಂದಳು.

ಕಾಕು ಧಾರವಾಡ: ಓದದೆ ಸಹಿ ಹಾಕಿಬಿಟ್ಟೆ. ತೆಗೆಯಲು ಬರುತ್ತದಾ?

ತಂಗಿ ಹುಬ್ಬಳ್ಳಿ: ನನ್ನ ಸಹಿ ನಾನು ತೆಗೆಯುವುದಿಲ್ಲ ಅಣ್ಣ, ಬಿಚ್ಚಿ ಹೇಳುತ್ತೇನೆ. ಹುಲ್ಲಿನ ಮಾತು ಬೇರೆ, ಒತ್ತುವರಿ ಬೇರೆ. ಗುಡ್ಡದ ಇಳಿಜಾರು ಉತ್ತು ಗೋವಿನಜೋಳ ಹಾಕಿದವರಿದ್ದಾರೆ.

ನಾನು: ಇದ್ದಾರೆ. ಅದರಲ್ಲಿ ಹತ್ತು ಎಕರೆಯವರೂ ಇದ್ದಾರೆ, ಅವರನ್ನು ಬಿಡಿಸಲಿ. ಆದರೆ ತಾಂಡಾದ ನನ್ನ ಗೆಳೆಯನನ್ನೂ ಅದೇ ಮಾತಿನಲ್ಲಿ ಸೇರಿಸುತ್ತೀಯಾ? ಅವನ ಅಜ್ಜ ಕಲ್ಲು ಆರಿಸಿ ಹಸನು ಮಾಡಿದ ಒಂದೂವರೆ ಎಕರೆ ಅದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ದಾನೆ. ಅವನು ಪರಿಶಿಷ್ಟ ಪಂಗಡದವನಲ್ಲ. ಅದಕ್ಕೆ ಮೂರು ತಲೆಮಾರು, ಅಂದರೆ 75 ವರ್ಷದ ಸಾಕ್ಷಿ ತೋರಿಸಬೇಕು, ಅದೂ 2005ರ ಡಿಸೆಂಬರ್ 13ಕ್ಕಿಂತ ಮುಂಚಿನದು. ಲೆಕ್ಕ ಹಾಕು, 1930. ಆಗ ತಾಂಡಾದವರಿಗೆ ಕಾಗದ ಬರೆದುಕೊಟ್ಟವರು ಯಾರು? ಹಿರಿಯರ ಹೇಳಿಕೆಯೂ ನಡೆಯುತ್ತದೆ ಅಂತ ನಿಯಮದಲ್ಲೇ ಇದೆ. ಹೇಳಬೇಕಾದ ಮುದುಕ ಹೋದ ಚಳಿಗಾಲದಲ್ಲಿ ತೀರಿಕೊಂಡ. ಅವನ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ದೊಡ್ಡಪ್ಪ ಹಾನಗಲ್: ಇನ್ನುಳಿದ ಮುದುಕರದ್ದಾದರೂ ಬೇಗ ಬರೆಸಿರಿ.

ತಂಗಿ ಹುಬ್ಬಳ್ಳಿ: ಭಾನುವಾರ ನಾನು ಊರಿಗೆ ಬರುತ್ತೇನೆ. ಬರೆದುಕೊಳ್ಳುವ ಕೆಲಸ ನನಗೆ ಬಿಡು. ಆ ಸಲಹಾ ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ಸಲ ಸೇರಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಆದರೆ ಮಳೆಗಾಲದಲ್ಲಿ ಕುರಿ ಬಿಡಬಾರದು ಅನ್ನುವುದನ್ನು ನಾನು ಬಿಟ್ಟುಕೊಡುವುದಿಲ್ಲ.

ನಾನು: ಬಿಟ್ಟುಕೊಡಬೇಡ. ಅದನ್ನು ಹುಬ್ಬಳ್ಳಿಯಿಂದ ಕಳಿಸಬೇಡ, ನಮ್ಮ ಕಟ್ಟೆಗೆ ಬಂದು ಕುರಿಯವರ ಮುಂದೆ ಹೇಳು. ಅವರೂ ನಿನಗೆ ಹೇಳುತ್ತಾರೆ. ಅರ್ಜಿ ನನ್ನ ಹೆಸರಿನಲ್ಲೇ ಇರಲಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ನಾಳೆಯೇ ತಂದಿಡುತ್ತೇನೆ.

ಅತ್ತೆ: 🎤 (ಧ್ವನಿ ಸಂದೇಶ)

ನಾನು: ಅತ್ತೆ ಕೇಳುತ್ತಿದ್ದಾಳೆ, ಭಾನುವಾರ ಎಷ್ಟು ಜನ ಬರುತ್ತೀರಿ ಅಂತ. ರೊಟ್ಟಿ ಬಡಿಯಬೇಕಂತೆ.