ಎಸ್‌ಎಂಬಿ ಮೇಲೆ ಹೋಗ್ತದೆ, ನೆಟ್ಟಗೆ ನಿಲ್ಲೋದೇ ಇಲ್ಲ

ನೀರುಕಾಗೆ:
ತಲೆ ಕೆಟ್ಟುಹೋಗಿದೆ. ಹೊಸ ಡಿಎಸ್‌ಎಂಬಿ (ಡೈವರ್ ನೀರಡಿಯಿಂದ ಗಾಳಿ ತುಂಬಿ ಮೇಲೆ ಬಿಡೋ ಗುರುತಿನ ತೇಲುಬುಗ್ಗೆ, ಎಸ್‌ಎಂಬಿ ಅಂತಲೂ ಅಂತಾರೆ), ಕಿತ್ತಳೆ ಬಣ್ಣದ್ದು. ಮೇಲೆ ಬರೋ ಮುಂಚೆ 5 ಮೀಟರಲ್ಲಿ ನಿಲ್ಲೋ ಸೇಫ್ಟಿ ಸ್ಟಾಪ್‌ನಲ್ಲಿ ಬಿಟ್ಟರೆ ಆರಾಮಾಗಿ ಮೇಲೆ ಹೋಗ್ತದೆ, ಹೋದಮೇಲೆ ಸತ್ತ ಮೀನಿನ ಹಾಗೆ ಅಡ್ಡ ಬಿದ್ದಿರ್ತದೆ. ನಮ್ಮ ಬೋಟಿನವರಿಗೇ ಕಾಣಲ್ಲ. ಮುರುಡೇಶ್ವರದ ನೇತ್ರಾಣಿ ದ್ವೀಪದ ಸುತ್ತ ಮೀನಿನ ಬೋಟುಗಳು ಓಡಾಡ್ತಾವೆ, ಅವರಿಗೆ ಹೇಗೆ ಕಾಣಬೇಕು? ಅಂಗಡಿಯವರು "ಪೀಸ್ ಚೆನ್ನಾಗಿದೆ ಸರ್" ಅಂತ ಕೈ ತೊಳಕೊಂಡರು. ಬೇರೆ ಯಾವುದು ತಗೋಬೇಕು, ಅಷ್ಟು ಹೇಳಿ ಸಾಕು.

ಹನ್ನೆರಡುಲೀಟರ್:
ಉದ್ದ ಎಷ್ಟು? ಬುಡ ಓಪನ್ನಾ, ಒಳಗೆ ಹೋದ ಗಾಳಿ ಹೊರಗೆ ಬಿಡದ ಡಕ್‌ಬಿಲ್ ಇರೋದಾ? ಗಾಳಿ ಬಾಯಿಂದಲೋ, ಉಸಿರಾಟದ ಎರಡನೇ ನಳಿಕೆ ಆಕ್ಟೋಪಸ್‌ನಿಂದಲೋ? ಬುಗ್ಗೆಗೆ ಕಟ್ಟಿದ ಲೈನ್ ಬಿಗಿಯಾಗಿ ಹಿಡೀತೀರಾ?

ಉಪ್ಪುಗಾಳಿ:
ಇಷ್ಟೆಲ್ಲ ಕೇಳೋದೇ ಬೇಡ. ಓಪಿವಿ, ಅಂದ್ರೆ ಒತ್ತಡ ಹೆಚ್ಚಾದ್ರೆ ಗಾಳಿ ಬಿಡೋ ವಾಲ್ವ್, ಅದೇ ಲೀಕ್. ನೂರಕ್ಕೆ ನೂರು. ಮುಚ್ಚಳ ತಿರುಗಿಸಿ ಬಿಚ್ಚಿ, ಒಳಗೆ ಸ್ಪ್ರಿಂಗ್, ಅದರಡಿ ಡಿಸ್ಕ್, ಅದರಡಿ ರಬ್ಬರ್ ಸೀಟ್ ಇರ್ತದೆ. ಸೀಟಿನ ಮೇಲೆ ಒಂದು ಮರಳಿನ ಕಾಳು ಕೂತ್ರೂ ಸಾಕು. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಮತ್ತೆ ಹಾಕಿ. ಸೀಟಿಗೆ ಸಿಲಿಕೋನ್ ಗ್ರೀಸ್ ಬಳೀಬೇಡಿ, ಮರಳು ಅಲ್ಲೇ ಅಂಟ್ಕೊಳ್ತದೆ.

ನೀರುಕಾಗೆ:
ಎಲ್ಲರ ಹತ್ರ ಇರೋ ಮಾಮೂಲಿ ಪೀಸೇ ರೀ, 1.2 ಮೀಟರ್, ಡಕ್‌ಬಿಲ್, ಬಾಯಿಂದ ಊದೋದು. ಬಕೆಟ್‌ನಲ್ಲಿ ಮುಳುಗಿಸಿ ನೋಡಾಯ್ತು, ಗುಳ್ಳೆ ಇಲ್ಲ.

ಉಪ್ಪುಗಾಳಿ:
ಬಕೆಟ್‌ನಲ್ಲಿ 1.2 ಮೀಟರ್ ಟ್ಯೂಬ್ ಹೇಗೆ ಮುಳುಗುತ್ತೆ? ಓಪಿವಿ ತಾನೇ ಬಿಡೋವರೆಗೂ ಗಟ್ಟಿಯಾಗಿ ಊದಿ, ವಾಲ್ವ್, ಬಾಯಿ ಕೊಡೋ ನಳಿಕೆ, ವೆಲ್ಡಿಂಗ್ ಅಂಚು ಮೂರಕ್ಕೂ ಸೋಪಿನ ನೊರೆ ಹಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಓಪಿವಿ.

ಮಲ್ಪೆ_ಮಾಣಿ:
ಬೆಳಿಗ್ಗೆ ಮೆತ್ತಗಾದರೆ ಅದು ರಾತ್ರಿಯ ತಂಪಿಗೂ ಆಗ್ತದೆ ಮಾರಾಯ್ರೆ. ಅದಿರಲಿ. ಮೀನಿನ ಬೋಟು ನಡೆಸೋ ತಾಂಡೇಲನ ಕಣ್ಣಿಂದ ನೋಡಿ. ಬಲೆಯ ತುದಿಗೆ ಕೋಲು, ಕೋಲಿಗೆ ಬಾವುಟ, ಬುಡದಲ್ಲಿ ಥರ್ಮಾಕೋಲ್. ಹಾಗೆ ನಿಂತದ್ದು ಕಂಡರೆ ಅವನು ದೂರ ಹೋಗ್ತಾನೆ, ಪ್ರೊಪೆಲ್ಲರಿಗೆ ಬಲೆ ಸುತ್ತೀತು ಅಂತ. ಅಡ್ಡ ಬಿದ್ದ ಕಿತ್ತಳೆ ಕೊಳವೆ ಅಂದ್ರೆ ಯಾರದೋ ತಪ್ಪಿಸಿಕೊಂಡ ಬುಗ್ಗೆ ಅಂತ ಹತ್ತಿರವೇ ಬಂದಾನು. ಬೋಟಿನ ಮೇಲೆ ಯಾವ ಬಾವುಟ ಹಾರಿಸ್ತೀರಿ?

ನೀರುಕಾಗೆ:
ಕೆಂಪು, ಓರೆಯಾಗಿ ಬಿಳಿ ಪಟ್ಟಿ. ಬಾವುಟಕ್ಕೂ ಇದಕ್ಕೂ ಏನು ಸಂಬಂಧ?

ಆಲ್ಫಾಪ್ರಿಯ:
ಸಂಬಂಧ ಇದೆ. ಕೆಂಪು-ಬಿಳಿ ಅಮೆರಿಕದ್ದು, 1950ರ ದಶಕದಲ್ಲಿ ಅಲ್ಲಿ ಬಳಕೆಗೆ ಬಂದದ್ದು. ನಮ್ಮಲ್ಲಿ ನಡೆಯೋದು ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮ. ಅದರ 27ನೇ ನಿಯಮದಂತೆ ಸಣ್ಣ ಡೈವ್ ಬೋಟಿಗೂ ಬಿಳಿ-ನೀಲಿ ಆಲ್ಫಾ ಬಾವುಟದ ಗಟ್ಟಿ ಪ್ರತಿಕೃತಿ ಬೇಕು, 1 ಮೀಟರಿಗೆ ಕಡಿಮೆ ಎತ್ತರ ಇರಬಾರದು, ಸುತ್ತ ಎಲ್ಲ ಕಡೆಯಿಂದ ಕಾಣಬೇಕು. ಕತ್ತಲಾದರೆ ಕೆಂಪು-ಬಿಳಿ-ಕೆಂಪು ಮೂರು ದೀಪ, ಒಂದರ ಕೆಳಗೊಂದು. ಬಟ್ಟೆ ಕಟ್ಟಿದರೆ ಗಾಳಿ ಇಲ್ಲದಾಗ ಜೋತುಬೀಳ್ತದೆ.

ಕೆಂಪುಪಟ್ಟಿ:
ಆಲ್ಫಾ ನೋಡಿದ ತಾಂಡೇಲ ಎಷ್ಟು ಜನ ಇದ್ದಾರೆ ಸ್ವಾಮಿ? ಕೆಂಪು ಬಾವುಟ ಅಂದ್ರೆ ಯಾರಿಗಾದ್ರೂ ಅಪಾಯ ಅಂತ ಅರ್ಥ ಆಗುತ್ತೆ. ಫ್ಲೋರಿಡಾದಲ್ಲಿ ಕಾನೂನೇ ಇದೆ: ಬೋಟಿಗೆ 20×24 ಇಂಚು, ತೇಲುಬುಗ್ಗೆಗೆ 12×12. ತೆರೆದ ನೀರಲ್ಲಿ 300 ಅಡಿ ಒಳಗೆ ಬಂದ ಬೋಟು ವೇಗ ಇಳಿಸಲೇಬೇಕು.

ಆಲ್ಫಾಪ್ರಿಯ:
ಮುರುಡೇಶ್ವರ ಫ್ಲೋರಿಡಾದಲ್ಲಿ ಇಲ್ಲ. ಎರಡೂ ಕಟ್ಟಿ, ಬೇಡ ಅನ್ನಲ್ಲ. ಆದರೆ ಬೋಟಿನ ಮಟ್ಟಿಗೆ ನಿಯಮದಲ್ಲಿ ಇರೋದು ಆಲ್ಫಾ. ಇನ್ನೊಂದು, ಡೈವರ್‌ಗಳು ಹತ್ತಿದ ಮೇಲೂ ಬಾವುಟ ಇಳಿಸದೆ ದಡಕ್ಕೆ ಬರೋರೇ ಹೆಚ್ಚು. ಹೀಗೆ ಮಾಡಿದರೆ ನಾಳೆ ಬಾವುಟಕ್ಕೆ ಯಾರು ಬೆಲೆ ಕೊಡ್ತಾರೆ?

ರೀಲುರಾಜ:
1.8 ಮೀಟರ್ ತಗೊಳ್ಳಿ ಗುರು. ನಮ್ಮದು ತುದಿಗೆ ಪ್ರತಿಫಲಕ ಪಟ್ಟಿ, ಮೇಲೆ ಸ್ಟ್ರೋಬ್ (ಮಿನುಗು ದೀಪ) ಸಿಕ್ಕಿಸೋ ಲೂಪ್, 45 ಮೀಟರ್ ಲೈನ್ ಸುತ್ತಿದ ಡೆಲ್ರಿನ್ ಪ್ಲಾಸ್ಟಿಕ್ ಸ್ಪೂಲ್, 316 ಸ್ಟೀಲ್ ಡಬಲ್ ಎಂಡರ್ (ಎರಡು ತುದಿಯ ಕ್ಲಿಪ್). ಜೊತೆಗೆ ಹಳದಿ ಒಂದು ಬೇರೆ. ಬ್ರಿಟನ್ ಕಡೆ ಹಳದಿ ಅಂದ್ರೆ ತುರ್ತು. ಜೇಬಲ್ಲಿ ನಾವಿರೋ ಜಾಗ ಹಡಗುಗಳಿಗೆ ತಿಳಿಸೋ ಎಐಎಸ್ ಬೀಕನ್.

ಉಪ್ಪುಗಾಳಿ:
ನಿಮ್ಮ 45 ಮೀಟರ್ ಸ್ಪೂಲು 18 ಮೀಟರ್ ಡೈವಿಗೆ ಯಾಕೆ? 1.8ರದ್ದಕ್ಕೂ ಅದೇ ಓಪಿವಿ ಕೂರಿಸಿರ್ತಾರೆ, ನೆನಪಿರಲಿ.

ಹನ್ನೆರಡುಲೀಟರ್:
ಓಪಿವಿ ಸ್ವಲ್ಪ ಪಕ್ಕಕ್ಕಿಡೋಣ ಅಣ್ಣ. ಮಡಿಸಿಟ್ಟಾಗ ಅಗಲ ಎಷ್ಟು ಅಂತ ಅವರು ಹೇಳಿಲ್ಲ, 15 ಸೆಂ.ಮೀ ಅಂತಿಟ್ಕೊಳ್ಳಿ. ಸುತ್ತಳತೆ 30, ವ್ಯಾಸ ಸುಮಾರು 9.5, ಅಡ್ಡಕೊಯ್ತ 72 ಚದರ ಸೆಂ.ಮೀ. 120 ಸೆಂ.ಮೀ ಉದ್ದಕ್ಕೆ 8.6 ಲೀಟರ್.

ಗಾಳಿ: 5 ಮೀಟರಲ್ಲಿ ಒತ್ತಡ 1.5 ಬಾರ್. ಒಂದೇ ಉಸಿರು, 2 ಲೀಟರ್ ಊದಿದರೆ ಮೇಲೆ ಹೋಗಿ ಹಿಗ್ಗಿ 3 ಲೀಟರ್ ಆಗ್ತದೆ. ಟ್ಯೂಬಿನ ಮೂರನೇ ಒಂದು ಭಾಗ, ಅಷ್ಟೇ. ನಡುವೆ ಮಡಿಚಿ ಬೀಳದೆ ಏನು ಮಾಡೀತು? 12 ಮೀಟರಲ್ಲಿ 2.2 ಬಾರ್. ಎರಡು ಉಸಿರು, 4 ಲೀಟರ್, ಮೇಲೆ 8.8 ಆಗ್ತದೆ. ಟ್ಯೂಬ್ ತುಂಬಿ ಉಳಿದದ್ದು ಓಪಿವಿಯಿಂದ ಹೊರಗೆ. ಹಾಗಾಗಿ ಮೇಲೇರೋ ಮುಂಚೆ, 10-12 ಮೀಟರಲ್ಲೇ ಬಿಡಿ.

ಎಳೆತ: ಟ್ಯೂಬ್ ತುಂಬಿದರೂ ತಾನಾಗಿ ನಿಲ್ಲಲ್ಲ. ಬುಡವನ್ನ ಯಾರಾದ್ರೂ ಕೆಳಗೆ ಎಳೀಬೇಕು. ಟ್ಯೂಬಿನ ತೂಕ 300 ಗ್ರಾಂ ಅಂದ್ರೂ ಅದರ ಭಾರ ನಡುವೆ, ಅಂದ್ರೆ 60 ಸೆಂ.ಮೀ ಎತ್ತರದಲ್ಲಿದೆ. 2 ಕಿಲೋ ಎಳೆದರೆ ಸುಮಾರು 32 ಸೆಂ.ಮೀ ನೀರಲ್ಲಿ ಇಳಿದು 88 ಸೆಂ.ಮೀ ನೆಟ್ಟಗೆ ನಿಲ್ತದೆ. ಲೆಕ್ಕ ಹಾಕಿದರೆ 1.5 ಕಿಲೋಗೂ ನಿಲ್ತದೆ, 1 ಕಿಲೋಗೆ ವಾಲಿ ಬೀಳ್ತದೆ. ಬುಡಕ್ಕೆ ಅರ್ಧ ಕಿಲೋ ಸೀಸ ಕಟ್ಟೋರು ಇದ್ದಾರೆ, ಅದು ಸಾಲದು.

ನೀರುಕಾಗೆ:
ಗಾಳಿ ಒಂದೇ ಉಸಿರು ಹೌದು. ಆದರೆ ಲೈನ್ ಬಿಗಿ ಮಾಡಿದ್ರೆ ನಾನೇ ಮೇಲೆ ಹೋಗ್ತೀನಿ. ಸ್ಟಾಪ್ ಹಿಡಿಯೋದೇ ಕಷ್ಟ, ಅದಕ್ಕೇ ಸಡಿಲ ಬಿಡೋದು.

ಹನ್ನೆರಡುಲೀಟರ್:
ಸಿಲಿಂಡರ್ ಯಾವುದು? ಅಲ್ಯೂಮಿನಿಯಂ 80?

ನೀರುಕಾಗೆ:
ಮತ್ತೇನು ಇರ್ತದೆ.

ಹನ್ನೆರಡುಲೀಟರ್:
ಇದನ್ನ ಮೊದಲೇ ಹೇಳಬೇಕಿತ್ತು. 11.1 ಲೀಟರ್ ಸಿಲಿಂಡರ್, 200 ಬಾರ್‌ನಿಂದ 50ಕ್ಕೆ ಇಳಿದರೆ 1,665 ಲೀಟರ್ ಗಾಳಿ ಖರ್ಚು. ಲೀಟರಿಗೆ 1.2 ಗ್ರಾಂ ಹಿಡಿದರೂ 2 ಕಿಲೋ ಹೋಯ್ತು. ಶುರುವಲ್ಲಿ ಮುಳುಗೋ ಸಿಲಿಂಡರು ಕೊನೆಗೆ ತೇಲೋಕೆ ಶುರು. ತೂಕ ಪರೀಕ್ಷೆ ತುಂಬಿದ ಸಿಲಿಂಡರಲ್ಲಿ ಮಾಡಿದ್ದರೆ ಕೊನೆಯಲ್ಲಿ ಅಷ್ಟೇ ಹಗುರ. ಬುಗ್ಗೆ ಎಳೆಯೋಕೆ ನಿಮ್ಮಲ್ಲಿ ಭಾರವೇ ಉಳಿದಿಲ್ಲ.

50 ಬಾರ್ ಸಿಲಿಂಡರ್ ಹಾಕಿ, ಬಿಸಿಡಿ (ಗಾಳಿ ತುಂಬೋ ತೇಲು ಜಾಕೆಟ್) ಪೂರ್ತಿ ಖಾಲಿ ಮಾಡಿ, 5 ಮೀಟರಲ್ಲಿ ನಿಲ್ಲೋಕೆ ಎಷ್ಟು ಸೀಸ ಬೇಕು ನೋಡಿ. ಅದರ ಮೇಲೆ 1.5ರಿಂದ 2 ಕಿಲೋ ಸೇರಿಸಿ. ಬುಗ್ಗೆ ಮೇಲೆ ಹೋದಮೇಲೆ ಲೈನಿನ ಸಡಿಲವನ್ನ ಸ್ಪೂಲಿಗೆ ಸುತ್ತಿಕೊಂಡು, ಬಿಸಿಡಿಯಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟು ಲೈನಿಗೆ ಜೋತುಬೀಳಿ. ಬೆರಳು ಸ್ಪೂಲಿನ ತೂತಲ್ಲಿ ಗಟ್ಟಿಯಾಗಿ ಸಿಕ್ಕಿಸಬೇಡಿ, ಡಬಲ್ ಎಂಡರನ್ನ ಬಿಸಿಡಿಗೆ ಕ್ಲಿಪ್ ಮಾಡಿಟ್ಟು ಬುಗ್ಗೆ ಮೇಲೆ ಕಳಿಸಲೇಬೇಡಿ. ಲೈನ್ ಸಿಕ್ಕಿಹಾಕಿಕೊಂಡರೆ 8 ಕಿಲೋ ಎಳೆತ ನೇರ ನಿಮ್ಮ ಮೇಲೆ. ಆಗ ಸ್ಪೂಲ್ ಕೈಬಿಡೋದೇ ದಾರಿ.

ಮಲ್ಪೆ_ಮಾಣಿ:
ಮೇಲೆ ಬಂದಮೇಲೆ ಟ್ಯೂಬಿನ ಬುಡ ಕಂಕುಳಲ್ಲಿ ಒತ್ತಿ ಹಿಡಿಯಿರಿ, ಅಲೆಯ ತಗ್ಗಲ್ಲಿ ಇರುವಾಗ ನಿಮ್ಮ ತಲೆ ಯಾರಿಗೂ ಕಾಣುದಿಲ್ಲ. ಒಂದು ಸೀಟಿಯೂ ಇರ್ಲಿ. ಆದರೆ ಇಂಜಿನ್ ಸದ್ದಿನಲ್ಲಿ ಸೀಟಿ ನಂಬಿ ಕೂರ್ಬೇಡಿ.

ರೀಲುರಾಜ:
ಸ್ಟೀಲ್ ಸಿಲಿಂಡರ್ ತಗೊಂಡ್ರೆ ಈ ತಾಪತ್ರಯ ಕಮ್ಮಿ. ನಮ್ಮ ಸೆಟಪ್...

ಕೆಂಪುಪಟ್ಟಿ:
ಶುರುವಾಯ್ತು. ಆಲ್ಫಾಪ್ರಿಯ ಅವರೇ, 1 ಮೀಟರ್ ಗಟ್ಟಿ ಬೋರ್ಡನ್ನ ನಾಡದೋಣಿಯಲ್ಲಿ ಎಲ್ಲಿ ನಿಲ್ಲಿಸ್ತೀರಿ, ಅದನ್ನ ಹೇಳಲೇ ಇಲ್ಲ.

ಆಲ್ಫಾಪ್ರಿಯ:
ಹಿಂಬದಿಗೆ ಪಿವಿಸಿ ಪೈಪು, ಅದರಲ್ಲಿ ಎರಡು ಹಲಗೆ ಒಂದಕ್ಕೊಂದು ಅಡ್ಡವಾಗಿ ಸಿಕ್ಕಿಸಿ, ನಾಲ್ಕೂ ಕಡೆ ಕಾಣ್ತದೆ. ಫೋಟೋ ಬೇರೆ ಥ್ರೆಡ್‌ನಲ್ಲಿ ಹಾಕ್ತೀನಿ.

ಉಪ್ಪುಗಾಳಿ:
ಸೀಸ ಸೇರಿಸಿ, ಬೇಡ ಅನ್ನಲ್ಲ. ಆದರೂ ಸೋಪಿನ ನೊರೆ ಹಚ್ಚಿದ್ರಾ ಇಲ್ವಾ? ಅಂದಹಾಗೆ ಓಪಿವಿ ಸ್ಪ್ರಿಂಗ್ ಬಿಡಿಯಾಗಿ ಬೆಂಗಳೂರಲ್ಲಿ ಎಲ್ಲಾದ್ರೂ ಸಿಗುತ್ತಾ, ಗೊತ್ತಿದ್ದವರು ಹೇಳಿ.